ಮಾರ್ತಾಂಡರ ಮೇಲೆ ಹೊರಿಸಿದ ತಪ್ಪು

೧೭ ಅಕ್ಟೋಬರ್ ೨೦೨೫, ಶುಕ್ರವಾರ

ಮೆಕ್ಯಾನಿಕ್ ಮಾರ್ತಾಂಡರ ಮುಖ ಕಣ್ಣೆದುರಿನಿಂದ ಸರಿಯುತ್ತಲೇ ಇಲ್ಲ.

ಎರಡು ವಾರದಿಂದ ಕಾರಿನ ಬ್ಯಾಟರಿ ದೀಪ ಒಮ್ಮೆ ಹತ್ತುತ್ತಿತ್ತು, ಒಮ್ಮೆ ಆರುತ್ತಿತ್ತು. ರವಿವಾರ ಪೇಟೆ ಹತ್ತಿರದ ಅವರ ಗ್ಯಾರೇಜಿಗೆ ಒಯ್ದಾಗಲೆಲ್ಲ ಎಲ್ಲವೂ ಸರಿಯಾಗಿಯೇ ಇರುತ್ತಿತ್ತು. ಜೂನ್‌ನಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಬದಲಿಸಿದವರು ಅವರೇ. ಸೋಮವಾರ ಗಿರಾಕಿಗಳ ಎದುರೇ ಕೂಗಾಡಿದೆ: “ಹಳೇ ಡೈನಮೋ ಹಾಕಿ ಮೋಸ ಮಾಡೀರಿ ನೀವು!” ಅವರು ಕೈ ಒರೆಸಿಕೊಳ್ಳುತ್ತ ಒಳಗೆ ಹೋದರು.

ಇವತ್ತು ಖಾನಾಪುರದ ಶಾಲೆಯಿಂದ ಮರಳುವಾಗ ಕಾರು ದಾರಿಯಲ್ಲೇ ನಿಂತಿತು. ಅಲ್ಲಿಯ ಎಲೆಕ್ಟ್ರಿಷಿಯನ್ ಬಂದು ಬ್ಯಾಟರಿಯ ತಂತಿ ಅಲುಗಾಡಿಸಿ ನೋಡಿದ.

“ನಟ್ ಸಡ್ಲ ಐತ್ರಿ ಅಕ್ಕಾರ. ಯಾರ ಬಿಚ್ಚಿದ್ರು ಇದನ್ನ?”

ನಾನೇ. ದಸರೆಯ ಖಂಡೇ ಪೂಜೆಗೆ ಕಾರು ತೊಳೆಯುವಾಗ ಬಿಚ್ಚಿ ಒರೆಸಿ, ನಟ್ಟನ್ನು ಪಾನಾ ಹಾಕಿ ಬಿಗಿಯದೆ ಬರಿಗೈಯಿಂದ ತಿರುವಿ ಬಿಟ್ಟಿದ್ದೆ.

ಸೀದಾ ಗ್ಯಾರೇಜಿಗೆ ಹೋಗಿ ಹೇಳಿದೆ. “ತಪ್ಪು ನಂದರೀ, ಮಾಮಾ.”

“ಇರ್ಲಿ ಬಿಡ್ರಿ, ಗಾಡಿ ಸರಿ ಆತಲ್ಲ” ಎಂದರು. ಆಮೇಲೆ ಮೆಲ್ಲಗೆ, “ಆವತ್ತ ಪಾಯಪ್ಪನವರು ಇಲ್ಲೇ ಕುಂತಿದ್ರು. ಇಪ್ಪತ್ತ ವರ್ಷದ ಗಿರಾಕಿ. ಮರುದಿನಾನ ತಮ್ಮ ಗಾಡಿ ಬ್ಯಾರೆ ಗ್ಯಾರೇಜಿಗೆ ಒಯ್ದ್ರು.”

ನಾನು ಕೂಗಿದ್ದು ಅಷ್ಟು ಜನರ ಎದುರು, ತಪ್ಪೊಪ್ಪಿಕೊಂಡಿದ್ದು ಮಾರ್ತಾಂಡರೊಬ್ಬರ ಎದುರು. ನಾಳೆ ಮೊದಲು ಪಾಯಪ್ಪನವರ ಮನೆಗೆ ಹೋಗಿ ತಪ್ಪು ನನ್ನದೆಂದು ಹೇಳಬೇಕು. ಉಳಿದವರು ಯಾರ್ಯಾರು ಇದ್ದರೋ, ಒಬ್ಬರ ಮುಖವೂ ನೆನಪಿಗೆ ಬರುತ್ತಿಲ್ಲ.