ಮೂರನೇ ನಂಬರ್ ಪ್ರೆಸ್

8-6-1998, ಸೋಮವಾರ
ಮಧ್ಯಾಹ್ನದೊಳಗೆ ತಗಡು ಒತ್ತುವ ಪ್ರೆಸ್‌ಗಳಿಗೆ ಮೂರು ಡೈ ಕಟ್ಟಿದೆ. ಇಡೀ ಗರುಡಾಚಾರ್‌ಪಾಳ್ಯದಲ್ಲಿ ಇಷ್ಟು ಬೇಗ ಕಟ್ಟುವ ಸೆಟ್ಟರ್ ಇನ್ನೊಬ್ಬನಿದ್ದರೆ ತೋರಿಸಲಿ.
ರೇವತಿ ಬಂದಳು. ನಮ್ಮ ವಠಾರದ ಬಾಲಮ್ಮನ ಮಗಳು. ಲಿಂಗಸುಗೂರಿನವರು, ನಮ್ಮ ಕಡೆಯವರು ಅಂತ ನಾನೇ ಶೆಡ್‌ಗೆ ಸೇರಿಸಿದ್ದು.
"ಕಾಕಾ, ಮೂರನೇ ಪ್ರೆಸ್ ಪೆಡಲ್ ಒಮ್ಮೆ ಒತ್ತಿದ್ರ ಮ್ಯಾಲಿನ ಡೈ ಎರಡ ಸಲ ಬೀಳಾಕತ್ತೈತ್ರಿ."
ಹತ್ತು ಸಲ ಒತ್ತಿ ನೋಡಿದೆ. ಸರಿಯಾಗೇ ಇದೆ. "ಮಷಿನ್ ಅಲ್ಲವ್ವಾ, ನಿನ್ನ ಕಾಲು ಎರಡ ಸಲ ಬೀಳ್ತೈತಿ" ಅಂದೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

10-6, ಬುಧವಾರ
ಮತ್ತೆ ಅದೇ ರಾಗ. ಮೇಲೆ ಸಲಹೆ ಬೇರೆ — "ಸನಾವುಲ್ಲಾ ಅಣ್ಣನ್ನ ಕರಸ್ರಿ ಕಾಕಾ."
ಮೈ ಉರಿಯಿತು. ಸ್ಪ್ಯಾನರ್ ಹಿಡಿಯುವುದನ್ನು ನನ್ನಿಂದ ಕಲಿತವನು ಆ ಸನಾವುಲ್ಲಾ. ಈಗ ಶಿವಾಜಿನಗರದಿಂದ ಸ್ಕೂಟರಿನಲ್ಲಿ ಬಂದು ಎಲ್ಲರ ಪ್ರೆಸ್ ರಿಪೇರಿ ಮಾಡುತ್ತಾನೆ. ಅವನು ಬಂದು ನನ್ನ ಮಷಿನ್ ಬಿಚ್ಚುವುದು, ನಾನು ಪಕ್ಕದಲ್ಲಿ ಕೈಕಟ್ಟಿ ನಿಲ್ಲುವುದು... ಆಗದ ಮಾತು.

11-6, ಗುರುವಾರ, ಬೆಳಿಗ್ಗೆ 10
ಮೂರನೇ ಸಲ ಬಂದಳು. "ಅಂಜಿಕಿ ಇದ್ರ ಊರಿಗೆ ಹೋಗು" ಅಂದೆ. ಹೋಗಿ ಮತ್ತೆ ಅದೇ ಪ್ರೆಸ್ ಮುಂದೆ ಕೂತಳು.

16-6, ಮಂಗಳವಾರ
ರೇವತಿಯ ಬಲಗೈಯ ನಾಲ್ಕು ಬೆರಳು ಹೋದವು. ಗುರುವಾರವೇ, ಊಟದ ಹೊತ್ತಿಗೆ. ಪೀಸ್ ತೆಗೆಯಲು ಕೈ ಹಾಕಿದ್ದಳು, ಪ್ರೆಸ್ ಎರಡನೇ ಸಲ ಬಿತ್ತು.
ಇವತ್ತು ಸನಾವುಲ್ಲಾ ಕ್ಲಚ್ ಬಿಚ್ಚಿದ. ಪ್ರೆಸ್ಸನ್ನು ಒಂದೇ ಏಟಿಗೆ ನಿಲ್ಲಿಸುವ ಸ್ಪ್ರಿಂಗ್ ತುಂಡಾಗಿತ್ತು. ತುಂಡನ್ನು ನನ್ನ ಕೈಗೆ ಕೊಟ್ಟು, "ತುಂಬಾ ದಿನದಿಂದ ಹೋಗಿದೆ ಉಸ್ತಾದ್" ಅಂದ. ಈಗಲೂ ಉಸ್ತಾದ್ ಅನ್ನುತ್ತಾನೆ. ಬೈದಿದ್ದರೆ ಚೆನ್ನಾಗಿತ್ತು.

19-6, ಶುಕ್ರವಾರ
ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬಂದಿದ್ದರು. "ಮಷಿನ್ ಸರಿಯಿಲ್ಲ ಅಂತ ಆ ಹುಡುಗಿ ಮೊದಲೇ ಹೇಳಿದ್ಲೇನ್ರೀ?"
"ಇಲ್ಲ ಸಾರ್. ಅಜಾಗರೂಕತೆ." ಸಹಿ ಹಾಕಿದೆ.
ಯಾರೂ ಹೇಳಿಕೊಟ್ಟಿರಲಿಲ್ಲ. ಮಾಲೀಕರು ರಾಮಾಂಜಿನಪ್ಪ ಆಚೆ ಫೋನಿನಲ್ಲಿದ್ದರು. ಮಾತು ತಾನಾಗಿ ಬಂತು — ಅದೂ ಎಷ್ಟು ಗಟ್ಟಿಯಾಗಿ.

28-6, ಭಾನುವಾರ
ತಪ್ಪು ಅವಳದೇ ಅಂತ ಕೆಲಸದಿಂದ ತೆಗೆದಿದ್ದಾರೆ. ನಲ್ಲಿಯ ಹತ್ತಿರ ಬಾಲಮ್ಮ ತಡೆದಳು. "ಯಣ್ಣಾ, ಮೂರ ಸಲ ಹೇಳೀನಿ ಅಂತಾಳ. ನನ್ನ ಮಗಳು ಸುಳ್ಳ ಹೇಳ್ತಾಳೇನು?"
ಬಗ್ಗಿ ಕೊಡ ಎತ್ತಿಕೊಂಡೆ. ಬಾಗಿಲಲ್ಲಿ ರೇವತಿ. ಬ್ಯಾಂಡೇಜಿನ ಕೈ ಸೆರಗಿನೊಳಗೆ.
"ಬಿಡವ್ವಾ. ಮಷಿನ್ ಸಪ್ಪಳಕ್ಕ ಕಾಕಾಗ ಕೇಳಿಸಿರ್ಲಿಕ್ಕಿಲ್ಲ."
ಒಳಗೆ ಬಂದು ಚಿಲಕ ಹಾಕಿಕೊಂಡು ಅತ್ತೆ. ನನ್ನಂಥ ಹೇಡಿಗೆ ಆ ಹುಡುಗಿ ನೆಪ ಹುಡುಕಿಕೊಟ್ಟಳು.

29-6, ಸೋಮವಾರ
ಕೆಲಸಕ್ಕೆ ಹೋಗಲಿಲ್ಲ. ಇನ್‌ಸ್ಪೆಕ್ಟರಿಗೆ ಅರ್ಜಿ. ನಾಲ್ಕು ಹಾಳೆ ಹರಿದೆ; ಪ್ರತಿ ಸಲವೂ ಒಂದೇ ಪದದ ಹತ್ತಿರ ಪೆನ್ನು ನಿಲ್ಲುತ್ತದೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ —
ಸೆಟ್ಟರ್ ಶಿವಪುತ್ರನಾದ ನಾನು ತಿಳಿಸುವುದೇನೆಂದರೆ, ರೇವತಿ ಮೂರು ಸಲ ಹೇಳಿದ್ದು ನಿಜ. ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಆದರೂ ಮಷಿನ್ ನಿಲ್ಲಿಸಲಿಲ್ಲ, ಏಕೆಂದರೆ