ಚಹಾದಂಗಡಿಯ ಕಲ್ಲುಕಟ್ಟೆ

ಬೀದರ, ಫೆಬ್ರವರಿ 30, 2317

ಒಳಾಂಗಣ ವಿನ್ಯಾಸ ಮಾಡುವ ವೈಜಯಂತಿ ಬಿರಾದಾರ ಅವರಿಗೆ ನೀಲಗಂಗಾ ಮಾಡುವ ನಮಸ್ಕಾರಗಳು. ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ನಮ್ಮವರು ಆಮೇಲೆ ಸೇರಿಸಿಕೊಂಡದ್ದು. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಈ ಮುಪ್ಪಿನಲ್ಲಿ ಕಲಿತು ಬರೆಯುತ್ತಿದ್ದೇನೆ.

ಕೋಟೆ ಬಾಗಿಲ ಪಕ್ಕದ ಕಮಾನುಕೋಣೆಯಲ್ಲಿ ನೀವೀಗ ಹೊಸ ಚಹಾದಂಗಡಿ ಮಾಡಲು ಹೊರಟಿದ್ದೀರಿ. ನಮ್ಮ ಕಾಲದಲ್ಲೂ ಅದು ಹಾಗೆಯೇ ಇದೆ. ಗಾರೆ ಕೆರೆಸಿ ನೀವು ಹೊರತೆಗೆಸಿದ ಕೆಂಪು ಕಲ್ಲು, ಬಿದರಿ ಹೂಬಳ್ಳಿಯ ದೀಪಗಳು, ಎಲ್ಲವೂ ಇವೆ. ಛಲೋ ಕೈ ನಿಮ್ಮದು, ಸುಳ್ಳು ಯಾಕೆ ಹೇಳಲಿ. ಆದರೆ ಗಿರಾಕಿಗಳು ಕಲ್ಲಿನ ಸೊಬಗು ನೋಡಲಿ ಎಂದು ಒಂಟಿ ಕುರ್ಚಿಗಳನ್ನೆಲ್ಲ ಗೋಡೆಗೆ ಮುಖಮಾಡಿ ನೆಲಕ್ಕೆ ಬಿಗಿಸಿದಿರಲ್ಲ, ಅಲ್ಲಿ ನಮ್ಮ ಮನೆ ಹಾಳಾಯಿತು.

ಊರು ಒಮ್ಮೆ ಬರಿದಾಗಿ, ಬಹುಕಾಲದ ಮೇಲೆ ಮತ್ತೆ ತುಂಬಿದಾಗ, ಇಡಿಯಾಗಿ ಉಳಿದಿದ್ದ ಚಹಾದಂಗಡಿ ಇದೊಂದೇ. ಪಂಡಿತರು ಕುರ್ಚಿ ನೋಡಿದರು, ಹಿರಿಯರು ಗೋಡೆ ನೋಡುತ್ತ ಒಬ್ಬೊಬ್ಬರೇ ಚಹಾ ಕುಡಿಯುತ್ತಿದ್ದರು ಎಂದು ಬರೆದರು. ಅದೇ ಆಚಾರವಾಯಿತು. ಅದಕ್ಕೆ ಮುಖಗೋಡೆ ಎನ್ನುತ್ತೇವೆ. ಮಾತಾಡಬಾರದು, ಹಿಂದಿರುಗಿ ನೋಡಿದರಂತೂ ದೊಡ್ಡ ಅಪಚಾರ. ದೊಡ್ಡವರಾದ ಮೇಲೆ ನಾವು ವಾಸಿಸುವುದೂ ಒಬ್ಬರೇ ಇರುವ ಕೋಣೆಗಳಲ್ಲಿ, ಅವಕ್ಕೆ ಒಂಟಿಗೂಡು ಎಂದು ಹೆಸರು.

ನನಗೊಬ್ಬಳು ತಂಗಿ ಇದ್ದಳು, ಮಹಾನಂದಾ. ಚಿಕ್ಕಂದಿನಲ್ಲಿ ಒಂದೇ ಕೌದಿಯೊಳಗೆ ಮಲಗುತ್ತಿದ್ದೆವು. "ಅಕ್ಕಾ, ಜರಾ ಸರಿ" ಎಂದು ಒತ್ತಿಕೊಂಡೇ ಬರುತ್ತಿದ್ದಳು. ಮುದುಕಿಯರಾದ ಮೇಲೆ ನಾವು ಸೇರುತ್ತಿದ್ದುದು ಈ ಅಂಗಡಿಯಲ್ಲಿ ಮಾತ್ರ, ಬೆನ್ನಿಗೆ ಬೆನ್ನು ಹಾಕಿಕೊಂಡು. ಒಂದು ದಿನ ಅವಳು ಕಪ್ಪು ಹಿಡಿದು ಬಂದು ನನ್ನ ಪಕ್ಕ ನೆಲದ ಮೇಲೆಯೇ ಕೂತಳು. ಅಂಗಡಿ ನೋಡಿಕೊಳ್ಳುವ ರೇವಣಪ್ಪ ಓಡಿ ಬಂದ.

"ಬ್ಯಾಡ್ರಿ ಅಮ್ಮಾ, ಹಿರ್ಯಾರು ಹಿಂಗ ಕೂಡ್ತಿದ್ದಿಲ್ಲ."

"ನಿನ್ನ ಹಿರ್ಯಾರಿಗೇನು ಹುಚ್ಚು ಹಿಡದಿತ್ತೇನೋ!" ಎಂದು ನಕ್ಕಳು ಮಹಾನಂದಾ. ನಕ್ಕು ತನ್ನ ಕುರ್ಚಿಗೆ ಹೋದಳು.

ಕಳೆದ ಶ್ರಾವಣದಲ್ಲಿ ಅವಳು ಆ ಕುರ್ಚಿಯಲ್ಲೇ ಪ್ರಾಣ ಬಿಟ್ಟಳು. ಕಪ್ಪು ಉರುಳಿದ ಸದ್ದು ನನಗೆ ಕೇಳಿತು. ಯಾರದೋ ಕೈ ಜಾರಿತು ಎಂದುಕೊಂಡು ಗೋಡೆ ನೋಡುತ್ತ ಚಹಾ ಮುಗಿಸಿದೆ.

ಆಮೇಲೆ ಮಳೆಗೆ ಅಂಗಡಿಯ ನೆಲ ಕುಸಿದು ಚಪ್ಪಡಿಗಳನ್ನು ಎಬ್ಬಿಸಿದರು. ಅವು ನಿಮ್ಮ ಕುರ್ಚಿಗಳಿಗೂ ಮೊದಲು ಈ ಕೋಣೆಯಲ್ಲಿದ್ದ ಹಳೆಯ ಕಟ್ಟೆಯ ಕಲ್ಲುಗಳು, ವೈಜಯಂತಿ. ನಿಮ್ಮ ಕೆಲಸದವರು ಕಟ್ಟೆ ಒಡೆದು ಅವನ್ನೇ ಬೋರಲು ಹಾಸಿದ್ದರು. ಮಗುಚಿದರೆ, ತಲೆತಲಾಂತರದ ಜನ ಕೂತು ಕೂತು ನುಣುಪಾದ ತಗ್ಗುಗಳು, ಒಂದಕ್ಕೊಂದು ಅಂಟಿಕೊಂಡಿದ್ದವು. ಅಲ್ಲಿ ತೊಡೆಗೆ ತೊಡೆ ತಾಗದೆ ಕೂಡಲು ಸಾಧ್ಯವೇ ಇರಲಿಲ್ಲ. ರೇವಣಪ್ಪ ಬಗ್ಗಿ ಆ ತಗ್ಗುಗಳನ್ನು ಒಂದೊಂದಾಗಿ ಎಣಿಸಿದ. ನಾನು ಆ ತಗ್ಗಿನ ಮೇಲೆ ಕೈಯಿಟ್ಟು ಗೊಳೋ ಎಂದು ಅತ್ತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಈ ಪತ್ರ ಕೈಸೇರುವಾಗ ಕಟ್ಟೆ ಇನ್ನೂ ಇದ್ದರೆ ಅದಕ್ಕೆ ಸುತ್ತಿಗೆ ಹಾಕಿಸಬೇಡಿ. ದೀಪ, ಬಣ್ಣ, ಏನು ಬೇಕಾದರೂ ಮಾಡಿಕೊಳ್ಳಿ ನಮ್ಮವ್ವಾ, ಕಟ್ಟೆಯೊಂದು ಇರಲಿ. ಅದು ಉಳಿದರೂ ಮಹಾನಂದಾ ಉಳಿಯುತ್ತಿರಲಿಲ್ಲ, ಅವಳಿಗೆ ಎದೆಬೇನೆ ಇತ್ತು. ಆದರೆ ವಾಲಿದಾಗ ನನ್ನ ಹೆಗಲ ಮೇಲೆ ವಾಲುತ್ತಿದ್ದಳು.