ಪರದೆಯ ಮೇಲೆ ನಡೆದು ಬಂದ ಅಮ್ಮ

ಮನೆಯಿಂದ,
ಗುರುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಕುರ್ಚಿಗೆ ಅಂಟಿಕೊಂಡೇ ಇರಬೇಡ, ಆಗಾಗ ಎದ್ದು ಓಡಾಡು. ನಾನು ಆರಾಮಾಗಿದ್ದೇನೆ. ಶಾಲೆ ಶುರುವಾಗುವ ಕಾಲವಲ್ಲವೇ, ಸಮವಸ್ತ್ರಗಳ ರಾಶಿಯ ನಡುವೆ ಹೊಲಿಗೆ ಯಂತ್ರವೇ ಕಾಣಿಸುತ್ತಿಲ್ಲ.

ನಿನಗೆ ಬಡ್ತಿ ಸಿಕ್ಕಿದ್ದನ್ನು ಪಕ್ಕದ ಮನೆಯ ನರ್ಸಮ್ಮ ಫೋನಿನಲ್ಲಿ ತೋರಿಸಿದರು. ಕಂಪನಿಯ ಸಮಾರಂಭದಲ್ಲಿ ನೀನು ಮಾಡಿದ ಭಾಷಣವನ್ನೂ ಮತ್ತೆ ಕೇಳಿದೆ. ಇನ್ನು ಯಾರೂ ಯಾರನ್ನೂ ನೋಡಲು ಪ್ರಯಾಣ ಮಾಡಬೇಕಿಲ್ಲ, ನಿಮ್ಮ ಕಂಪನಿ ಕಟ್ಟಿದ ಲೋಕದಲ್ಲೇ ಎಲ್ಲರೂ ಜೊತೆಗಿರಬಹುದು ಅಂದೆಯಲ್ಲ, ಚೆನ್ನಾಗಿತ್ತು. ಪಾರ್ಶ್ವವಾಯು ಹೊಡೆದು ಅಮ್ಮ ಹಾಸಿಗೆ ಹಿಡಿದಾಗ ನೀನು ಬರಲಿಲ್ಲ, ಆ ಲೋಕವನ್ನು ಕಣ್ಣೆದುರು ತೋರಿಸುವ ದಪ್ಪ ಕನ್ನಡಕದ ಪೆಟ್ಟಿಗೆ ಬಂತು. ಅವಳ ಮಾತು ತೊದಲುತ್ತದೆಂದು ಹಳೆಯ ಫೋನ್ ಮಾತುಗಳಿಂದ ದನಿಯನ್ನೂ ಎತ್ತಿ ನೀನೇ ಅದರೊಳಗೆ ಕೂರಿಸಿದ್ದೆ. ಅದನ್ನು ಹಾಕಿಕೊಂಡು ಏನೇ ಗೊಣಗಿದರೂ ಒಳಗಿನ ತೋಟದಲ್ಲಿ ಅಮ್ಮನ ರೂಪ ಅದನ್ನು ಅವಳದೇ ಗಟ್ಟಿ ದನಿಯಲ್ಲಿ ಹೇಳುತ್ತಿತ್ತು. ನೀನೂ ನಿನ್ನ ರೂಪದಲ್ಲಿ ಆ ತೋಟಕ್ಕೆ ಬರುತ್ತಿದ್ದೆ. ಅಮ್ಮನಿಗೆ ಮಾತ್ರ ಹಿಡಿಸಲಿಲ್ಲ. 'ಅವನ ಕೈ ಹಿಡ್ಕೊಂಡ್ರೆ ಏನೂ ಸಿಗಲ್ಲ ಕಣೇ. ನಿಜವಾಗ್ಲೂ ಯಾವಾಗ ಬರ್ತಾನಂತೆ?' ಎಂದು ಕೇಳುತ್ತಲೇ ಇದ್ದಳು.

ಸಮಾರಂಭದ ದಿನ ಬೆಳಿಗ್ಗೆ ನಿನಗೆ ಮತ್ತೆ ಮತ್ತೆ ಫೋನ್ ಮಾಡಿದೆ. ಕೊನೆಗೂ ನೀನು ಎತ್ತಿದೆ. ನಾನು ಬಾಯಿ ತೆರೆಯುವ ಮೊದಲೇ, 'ಅಕ್ಕಾ, ಏನೇ ಇದ್ರೂ ನಾಳೆ ಹೇಳು. ಸಂಜೆಗೆ ಅಮ್ಮನ್ನ ರೆಡಿ ಮಾಡಿರು, ಅಷ್ಟು ಸಾಕು' ಎಂದು ಇಟ್ಟುಬಿಟ್ಟೆ. ಆಯಿತು, ನೀನು ಹೇಳಿದಂತೆಯೇ ಸಂಜೆ ತುಂಬಿದ ಸಭೆಯಲ್ಲಿ, ನಿನ್ನ ದೊಡ್ಡ ಸಾಹೇಬರ ಎದುರು, ಪರದೆಯ ಮೇಲೆ ಅಮ್ಮ ನಡೆದು ಬಂದಳು. 'ನಾನು ಊರಿಗೆ ಬರ್ಲಿಲ್ಲ ಅಂತ ಬೇಜಾರಾ ಅಮ್ಮಾ?' ಎಂದು ನೀನು ಕೇಳಿದೆ. 'ಇಲ್ಲ ಕಂದಾ, ದಿನಾ ಇಲ್ಲೇ ಸಿಗ್ತೀಯಲ್ಲ' ಎಂಬ ಉತ್ತರ ಬಂತು. ನೀನು ಕಣ್ಣೊರೆಸಿಕೊಂಡೆ, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹುಟ್ಟಿದಾಗಿನಿಂದ ಅಮ್ಮ ನಿನ್ನನ್ನು ಗುಂಡ ಎಂದು ಕರೆದವಳೇ ಹೊರತು ಕಂದ ಅಂದವಳಲ್ಲ. ನಿನಗೆ ಅದು ಹೊಳೆಯಲೇ ಇಲ್ಲ. ಅಂದಿನಿಂದ ಆ ತೋಟದ ಕಡೆ ತಲೆಯನ್ನೂ ಹಾಕಿಲ್ಲ, ಒಂದು ಫೋನೂ ಇಲ್ಲ. ದೊಡ್ಡ ಹುದ್ದೆ, ಪುರುಸೊತ್ತಿರುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಹೆಂಡತಿಗೆ ನನ್ನ ಆಶೀರ್ವಾದ ತಿಳಿಸು. ನೀನು ಬಯಸಿದ್ದೆಲ್ಲ ಸಿಗಲಿ.

ನಿನ್ನ
ಅಕ್ಕ

ತಾ.ಕ.: ಆ ಬೆಳಿಗ್ಗೆ ಫೋನ್ ಮಾಡಿದ್ದು ಅಮ್ಮ ತೀರಿಕೊಂಡಳೆಂದು ಹೇಳಲು. ಮಧ್ಯಾಹ್ನವೇ ಎಲ್ಲ ಮುಗಿಸಿ ಬಂದು, ಸಂಜೆ ನಾನೇ ಕನ್ನಡಕ ಹಾಕಿಕೊಂಡು ಕೂತೆ. ಬೇಜಾರಿಲ್ಲ ಅಂದವಳು ನಾನು. ಅಮ್ಮನಿಗೆ ಬೇಜಾರಿತ್ತು, ಹಾಗೆಯೇ ಹೋದಳು. ನಿನ್ನ ದೊಡ್ಡ ಸಾಹೇಬರಿಗೂ ಇದನ್ನೆಲ್ಲ ಬರೆದಿದ್ದೇನೆ. ಅವರಿಗೆ ಬರೆದದ್ದನ್ನು ನಿನ್ನೆಯೇ ಅಂಚೆಗೆ ಹಾಕಿದೆ.